ಖಾಲಿ ಹಡಗು ಕಟ್ಟದ ಅಕ್ಕ

ನನ್ನ ಅಕ್ಕ ಯುದ್ಧನೌಕೆ ಕಟ್ಟುತ್ತಾಳೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗಲಿ, ನಕ್ಕರೆ ಹಲ್ಲೇನೂ ಉದುರುವುದಿಲ್ಲ. ವಾರದ ಆರು ದಿನ ಅವಳು ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿರುತ್ತಾಳೆ. ಅಲ್ಲಿ ಬಿಸಿ ಉರುಳೆಗಳ ಯಂತ್ರಕ್ಕೆ ಒದ್ದೆ ಬೆಡ್‌ಶೀಟು ಕೊಡುವವರು ಒಂದು ಕಡೆ, ಆಚೆ ಹಿಡಿದು ಮಡಚುವವರು ಇನ್ನೊಂದು ಕಡೆ. ಅಕ್ಕ ಕೊಡುವ ಕಡೆಯವಳು. ಅವಳ ಮುಂಗೈ ಮೇಲೆ ಸುಟ್ಟ ಗುರುತುಗಳಿವೆ. ವಯಸ್ಸು ಐವತ್ತು ದಾಟಿದೆ, ಮದುವೆಯಾಗಲಿಲ್ಲ, ಮೊಣಕಾಲು ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ಉಳಿದ ಒಂದು ದಿನ, ಭಾನುವಾರ, ಅವಳು ಹಡಗು ಕಟ್ಟುತ್ತಾಳೆ.

ಇದು ಕಂಪ್ಯೂಟರ್ ಆಟ. ಗುಂಡು ಹಾರಿಸಿ ಓಡುವ ಮಕ್ಕಳಾಟವಲ್ಲ. ಒಂದು ಇಡೀ ದೇಶವನ್ನೇ ಕೈಗೆ ಕೊಡುತ್ತಾರೆ: ಗಣಿ, ಕಾರ್ಖಾನೆ, ಬಂದರು, ಸೈನ್ಯ ಎಲ್ಲವೂ. ಒಂದೊಂದು ತಂಡದಲ್ಲಿ ಏಳು ಜನ, ಅವರಲ್ಲೊಬ್ಬ ನಾಯಕ. ಒಂದು ಯುದ್ಧ ಮುಗಿಯಲು ತಿಂಗಳುಗಳೇ ಬೇಕು. ನಮ್ಮ ಅಣ್ಣ, ಅಂದರೆ ಅಕ್ಕನ ತಮ್ಮ, ಇಂಥದೊಂದು ತಂಡದ ನಾಯಕ. ವಿಮಾ ಕಚೇರಿಯಲ್ಲಿ ಕೆಲಸ, ಭಾನುವಾರ ಮಾತ್ರ ಸೇನಾಪತಿ. ಅವನ ಆಫೀಸಿನ ಐದು ಜನ ಗೆಳೆಯರು ತಮ್ಮ ತಮ್ಮ ಮನೆಯಿಂದಲೇ ಆಡುತ್ತಾರೆ; ಅವರ ಗಲಾಟೆಯೆಲ್ಲ ಸ್ಪೀಕರಿನಲ್ಲಿ ಕೇಳುತ್ತಿರುತ್ತದೆ. ಏಳನೆಯವನು ಮದುವೆ ಮಾಡಿಕೊಂಡು ಆಟ ಬಿಟ್ಟ. ಯುದ್ಧ ಶುರುವಾಗುವಾಗ ಏಳು ಜನ ಇಲ್ಲದಿದ್ದರೆ ತಂಡವೇ ರದ್ದು. ಆಗ ಅಣ್ಣನ ಕಣ್ಣಿಗೆ ಬಿದ್ದವಳು, ಅವನ ಮನೆಯ ಮಹಡಿಯ ಕೋಣೆಯಲ್ಲಿ ಇರುವ ಅಕ್ಕ.

"ಅಕ್ಕಾ, ಸುಮ್ನೆ ಪಕ್ಕದಲ್ಲಿ ಕೂತ್ಕೋ. ನಾನು ಹೇಳಿದ ಬಟನ್ ಒತ್ತಿದ್ರೆ ಸಾಕು," ಅಂದ.

"ಕೂತ್ಕೊಂಡು ಮಾಡೋ ಕೆಲಸ ಅಂದ್ರೆ ನನಗೇನು ಕಹೀನಾ?" ಅಂದಳು ಅವಳು.

ಹಜಾರದಲ್ಲಿ ಅಣ್ಣನ ಹೊಸ ಕಂಪ್ಯೂಟರಿನ ಪಕ್ಕ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಟ್ಟ. ನಾನು ಎರಡು ಬೀದಿ ಆಚೆ ಇರುವವಳು. ಭಾನುವಾರ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದೆ, ಊಟ ಮುಗಿಸಿ ಇವರ ಯುದ್ಧ ನೋಡುತ್ತಾ ಕೂರುತ್ತಿದ್ದೆ.

ಆ ಆಟದಲ್ಲಿ ಹಡಗನ್ನು ಅಂಗಡಿಯಿಂದ ತಂದ ಹಾಗೆ ತರುವಂತಿಲ್ಲ, ನಾವೇ ವಿನ್ಯಾಸ ಮಾಡಬೇಕು. ಪರದೆಯ ಮೇಲೆ ಹಡಗಿನ ಬರೀ ಒಡಲು ಬರುತ್ತದೆ, ಅದರಲ್ಲಿ ಖಾಲಿ ಚೌಕಗಳು. ಎಂಜಿನ್ ಎಂಥದು, ಫಿರಂಗಿ ಎಷ್ಟು, ಉಕ್ಕಿನ ಕವಚ ಎಷ್ಟು ದಪ್ಪ, ಟಾರ್ಪಿಡೊ ಬೇಕೋ ರೇಡಾರ್ ಬೇಕೋ, ಎಲ್ಲವನ್ನೂ ಒಂದೊಂದಾಗಿ ತುಂಬಬೇಕು. ತುಂಬಿದಷ್ಟೂ ಉಕ್ಕು ಖರ್ಚು, ತೂಕ ಹೆಚ್ಚು, ಓಟ ಕಡಿಮೆ. ಅಣ್ಣನ ಬಳಿ ಮೂರು ಮಹಾನೌಕೆಗಳಿದ್ದವು, ಬೆಟ್ಟದಂಥವು. ಅವುಗಳಲ್ಲಿ ದೊಡ್ಡದಕ್ಕೆ ಅವನು 'ಮಹಾರಾಜ' ಎಂದು ಹೆಸರಿಟ್ಟಿದ್ದ. ಈ ಮೂರರ ಮುಂದೆ ನಿಲ್ಲಲು ಅಕ್ಕ ನಲವತ್ತು ಕಾವಲು ಹಡಗು ಕಟ್ಟಬೇಕು. ಅವುಗಳಲ್ಲಿ ಏನೂ ಇರಬೇಕಿಲ್ಲ: ಒಂದು ಅಗ್ಗದ ಎಂಜಿನ್, ಆಟದ ನಿಯಮಕ್ಕೆಂದು ಒಂದು ಪುಟ್ಟ ಫಿರಂಗಿ, ಅಷ್ಟೇ. ಶತ್ರು ಎದುರಿಗೆ ಕಂಡದ್ದಕ್ಕೆ ಗುಂಡು ಹಾಕುತ್ತಾನೆ. ಮುಂದೆ ನಲವತ್ತು ಇದ್ದರೆ ಹಿಂದಿನ ಮೂರಕ್ಕೆ ಪೆಟ್ಟು ಕಡಿಮೆ. ಎಲ್ಲ ತಂಡಗಳೂ ಹೀಗೇ ಮಾಡುತ್ತವಂತೆ.

ಅಕ್ಕ ಪರದೆಯನ್ನೇ ನೋಡುತ್ತಾ ಕೂತಳು. ಹಡಗಿನ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ 'ನಾವಿಕರು: ೧೨೦' ಎಂದಿತ್ತು.

"ಇದ್ರಲ್ಲಿ ನೂರಿಪ್ಪತ್ತು ಜನ ಇದ್ದಾರಲ್ಲೋ."

"ಅಯ್ಯೋ, ಅದು ಆಟ ಅಕ್ಕಾ! ನಿಜವಾದ ಜನಾನಾ?"

"ಆಟ ಆದ್ರೆ ಸುಮ್ನೆ ಯಾಕೆ ಸಾಯ್ಬೇಕು, ಆಟದಲ್ಲೇ ಒಂದು ಸರಿಯಾದ ಫಿರಂಗಿ ಕೊಡು."

ಸ್ಪೀಕರಿನಲ್ಲಿ ಐದು ಜನರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಅಕ್ಕಾ, ನಿಮ್ಮ ಹಡಗಿನ ಕೆಲಸ ಮುಳುಗೋದು," ಎಂದ ಅವರಲ್ಲೊಬ್ಬ, ಲೆಕ್ಕ ವಿಭಾಗದವನು. "ಮುಳುಗೋಕೆ ಫಿರಂಗಿ ಯಾಕೆ?"

ಅಕ್ಕ ಅಂದು ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡಲಿಲ್ಲ ಎಂದರೆ ಹೆದರಬೇಕು. ಇದು ನನಗೆ ಗೊತ್ತು, ಅಣ್ಣನಿಗೆ ಮರೆತುಹೋಗಿತ್ತು.

ಮರುವಾರದಿಂದ ಅವಳು ತನ್ನದೇ ಹಡಗು ಕಟ್ಟತೊಡಗಿದಳು. ಮೊದಲನೆಯದಕ್ಕೆ ಪ್ರೀತಿ ಹೆಚ್ಚಾಗಿ ಎಷ್ಟು ಕವಚ ಹೊದಿಸಿದಳೆಂದರೆ, ಪರೀಕ್ಷೆಯ ಕದನಕ್ಕೆ ಅದು ತಲುಪುವಷ್ಟರಲ್ಲಿ ಕದನವೇ ಮುಗಿದಿತ್ತು. "ಊಟ ಆದ್ಮೇಲೆ ಬಂದ ನೆಂಟರ ಹಾಗಿದೆ ಕಣೇ," ಎಂದು ನಾನೇ ಆಡಿಕೊಂಡೆ. ಎರಡನೆಯದಕ್ಕೆ ಬಲವಾದ ಎಂಜಿನ್ ಹಾಕಿದಳು, ಇಂಧನದ ತೊಟ್ಟಿ ಚಿಕ್ಕದಿಟ್ಟಳು. ಅದು ನಡುಗಡಲಲ್ಲಿ ನಿಂತುಬಿಟ್ಟಿತು. ಅಕ್ಕ ತಲೆ ಮೇಲೆ ಕೈಹೊತ್ತು ಕೂರುವವಳಲ್ಲ. ಒಂದು ಫಿರಂಗಿ ತೆಗೆದು ತೊಟ್ಟಿ ದೊಡ್ಡದು ಮಾಡಿದಳು. ಎಲ್ಲ ಹಡಗಿಗೂ ರೇಡಾರ್ ಹಾಕುವ ದುಂದು ಬೇಡವೆಂದು ನಾಲ್ಕಕ್ಕೊಂದು ಹಡಗಿಗೆ ಹಾಕಿದಳು, ಅದು ನೋಡಿ ಉಳಿದವಕ್ಕೆ ಹೇಳುತ್ತದೆ. ಕವಚವನ್ನು ಎಂಜಿನ್ನಿನ ಸುತ್ತ ಮಾತ್ರ ಇಟ್ಟಳು. "ಕೈಗೆ ಪೆಟ್ಟಾದ್ರೂ ಕಾಲಿದ್ರೆ ಓಡಬಹುದಲ್ಲ," ಎನ್ನುತ್ತಿದ್ದಳು. ಪ್ರತಿಯೊಂದಕ್ಕೂ ಎರಡು ಟಾರ್ಪಿಡೊ. ಕೊನೆಗೆ ನಲವತ್ತು ಖಾಲಿ ಹಡಗಿಗೆ ಆಗುವ ಉಕ್ಕಿನಲ್ಲಿ ಹದಿನಾರು ತುಂಬಿದ ಹಡಗು ನಿಂತವು.

ಇನ್ನು ಹೆಸರುಗಳು! ಹುಟ್ಟಿದಾಗಿನಿಂದ ಜನ ತನಗೆ ಇಟ್ಟ ಹೆಸರನ್ನೆಲ್ಲ ಅವಳು ಹಡಗುಗಳಿಗೆ ಇಟ್ಟಳು. ಗಯ್ಯಾಳಿ, ಬಾಯಿಬಡುಕಿ, ಬಜಾರಿ, ಗಂಡುಬೀರಿ, ಹೆಮ್ಮಾರಿ, ಜಗಳಗಂಟಿ. ಹದಿನಾರಕ್ಕೂ ಹೆಸರು ಸಿಕ್ಕಿತು, ಹುಡುಕಬೇಕಾಗಲಿಲ್ಲ. ಕೆಲವನ್ನು ಕೊಟ್ಟವರು ನಮ್ಮ ಮನೆಯವರೇ.

ಅಣ್ಣ ಹಡಗುಕಟ್ಟೆಯ ಪುಟ ತೆರೆದು ನೋಡಿದ ದಿನ ಮನೆಯಲ್ಲಿ ರಾಮಾಯಣವೇ ಆಯಿತು.

"ನಲವತ್ತು ಎಲ್ಲಿ? ಬರೀ ಹದಿನಾರಾ? ಏನಕ್ಕಾ ಇದು!"

"ಆವತ್ತಿಂದ ಹೇಳ್ತಾನೇ ಇದೀನಿ. ನೀನು ಹೂಂ ಹೂಂ ಅಂತಿದ್ದೆ, ಕಿವಿ ಎಲ್ಲಿತ್ತೋ ಏನೋ."

"ಹದಿನಾರನ್ನ ಮುಂದೆ ನಿಲ್ಸಿದ್ರೆ ನನ್ನ ಮಹಾರಾಜನ ಗತಿ ಏನು?"

"ನಿನ್ನ ಮಹಾರಾಜನಿಗೆ ಒಂಬತ್ತು ಫಿರಂಗಿ ಇದೆ. ಅವನೇ ನೋಡ್ಕೊಳ್ಳಲಿ."

ಆಗ ಅಣ್ಣ ನಿಯಮ ಹೇಳಿದ. ನಾಯಕ ಯಾರನ್ನಾದರೂ ತಂಡದಿಂದ ತೆಗೆದರೆ ಅವರ ಹಡಗುಗಳೆಲ್ಲ ನಾಯಕನ ಪಾಲು. "ಮಾತು ಕೇಳ್ಲಿಲ್ಲ ಅಂದ್ರೆ ನಿನ್ನನ್ನ ತೆಗೀತೀನಿ. ಹದಿನಾರನ್ನೂ ನಾನೇ ಸಾಲಾಗಿ ಮುಂದೆ ನಿಲ್ಲಿಸ್ತೀನಿ. ಆಗೇನ್ ಮಾಡ್ತೀಯಾ?"

ಅಕ್ಕನ ಮುಖ ಬಿಳಿಚಿಕೊಂಡಿತು. ಮಹಡಿಯ ಕೋಣೆ ಅಣ್ಣನದು, ಲಾಂಡ್ರಿಯ ಯಂತ್ರ ಹೋಟೆಲಿನದು. ಇವಳದು ಎಂದು ಹೇಳಲು ಲೋಕದಲ್ಲಿ ಇದ್ದದ್ದು ಆ ಹದಿನಾರು ಹಡಗು. ಅವಳ ತಲೆಯಲ್ಲಿ ಹುಟ್ಟಿದವು, ಅವಳ ಕೈಯಲ್ಲಿ ಬೆಳೆದವು. ಅವನ್ನೂ ಕಿತ್ತುಕೊಂಡು ಗುಂಡಿಗೆ ಒಡ್ಡುತ್ತೇನೆ ಎನ್ನುತ್ತಾನೆ ಈ ಪುಣ್ಯಾತ್ಮ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಒಳಗಿಟ್ಟುಕೊಳ್ಳುವ ಸ್ವಭಾವ ನನ್ನದಲ್ಲ. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟವಳು ಅಕ್ಕ. ಅಣ್ಣ ಓದಿದ, ನಾನೂ ಓದಿದೆ. "ನೀನು ದೊಡ್ಡವಳು, ಸ್ವಲ್ಪ ಹೊಂದ್ಕೊಂಡು ಹೋಗು" ಎಂದು ಎಲ್ಲರೂ ಅವಳಿಗೆ ಹೇಳಿದರು, ಅವಳು ಹೊಂದಿಕೊಂಡಳು. ಆಗ ಅವಳ ಪರವಾಗಿ ಬಾಯಿ ತೆರೆಯಲು ಒಬ್ಬರೂ ಇರಲಿಲ್ಲ.

ಅಣ್ಣ ಅಂದು ಬೆದರಿಸಿ ಬಿಟ್ಟ, ತೆಗೆಯಲಿಲ್ಲ. ಹಾಗೇ ಕೊನೆಯ ಕದನದ ಭಾನುವಾರ ಬಂತು. ಗೆದ್ದವರಿಗೆ ಇಡೀ ಯುದ್ಧವೇ ಒಲಿಯುವ ಕದನ. ನಾನು ಅಕ್ಕನ ಕುರ್ಚಿಗೆ ಅಂಟಿಕೊಂಡೇ ಕೂತೆ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಅಕ್ಕನ ರೇಡಾರ್ ಶತ್ರುವನ್ನು ಮೊದಲೇ ಕಂಡಿತು. ಪರದೆಯ ಕೆಳಗೆ ಸುದ್ದಿ ಓಡತೊಡಗಿತು: 'ಗಯ್ಯಾಳಿ ಶತ್ರು ಹಡಗನ್ನು ಮುಳುಗಿಸಿದೆ.' 'ಬಾಯಿಬಡುಕಿ ಶತ್ರು ಸಾಲನ್ನು ಭೇದಿಸಿದೆ.' ಸ್ಪೀಕರಿನಲ್ಲಿ ಶಿಳ್ಳೆ ಬಿತ್ತು. ಅಕ್ಕ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ಅಷ್ಟಕ್ಕೇ ಅಣ್ಣನಿಗೆ ಆಸೆ ಹತ್ತಿತು. ಕಾಯಬೇಕಾದವನು ಕಾಯದೆ ಮೂರೂ ಮಹಾನೌಕೆಗಳನ್ನು ಒಟ್ಟಿಗೆ ಮುಂದೆ ನುಗ್ಗಿಸಿದ. ಶತ್ರು ಅದಕ್ಕೇ ಬಾಯಿ ತೆರೆದುಕೊಂಡು ಕಾದಿದ್ದ. ಎರಡು ಮಹಾನೌಕೆ ಕಣ್ಣೆದುರೇ ಹೋದವು. ಮಹಾರಾಜ ಬೆಂಕಿ ಹತ್ತಿಸಿಕೊಂಡು ಕುಂಟತೊಡಗಿತು.

ಅಕ್ಕನ ಹಡಗುಗಳಲ್ಲಿ ಹನ್ನೊಂದು ಉಳಿದಿದ್ದವು. ಟಾರ್ಪಿಡೊ ಎಲ್ಲ ಮುಗಿದಿತ್ತು.

"ಅಕ್ಕಾ, ಹನ್ನೊಂದನ್ನೂ ಮಹಾರಾಜನ ಮುಂದೆ ತಂದು ನಿಲ್ಸು. ಬೇಗ!"

"ಯಾಕೆ?"

"ಗುಂಡು ತಗೊಳ್ಳಲಿ. ಅಷ್ಟರಲ್ಲಿ ನಾನು ತಪ್ಪಿಸ್ಕೋತೀನಿ."

"ಇಲ್ಲ ಕಣೋ."

ಗೆಳೆಯರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆಂದು ಅಣ್ಣನ ಕಿವಿ ಕೆಂಪಾಯಿತು. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಚಿಕ್ಕವನಾಗಿದ್ದಾಗ ಏನಾದರೂ ಬೇಕಾದರೆ ತೆಗೆಯುತ್ತಿದ್ದ ದನಿಯನ್ನೇ ತೆಗೆದ.

"ಅಕ್ಕಾ, ಯಾವಾಗ್ಲೂ ನೀನೇ ಅಲ್ವಾ ಮುಂದೆ ನಿಲ್ತಿದ್ದಿದ್ದು?"

"ಹೌದಪ್ಪಾ," ಎಂದಳು ಅಕ್ಕ. "ಅದಕ್ಕೇ ಇನ್ನು ಆಗಲ್ಲ."

ಅಣ್ಣ ಹಲ್ಲು ಕಚ್ಚಿಕೊಂಡು ತಂಡದ ಪುಟ ತೆರೆದ, ಅವಳ ಹೆಸರಿನ ಮುಂದೆ 'ತೆಗೆದುಹಾಕು' ಒತ್ತಿದ. ಆಟದ ಗಡಿಯಾರದಲ್ಲಿ ಅಂದಿನ ದಿನ ಮುಗಿದೊಡನೆ ಅದು ಜಾರಿ. ಹನ್ನೊಂದು ಹಡಗು ಆಮೇಲೆ ಅವನವು.

ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ನಕ್ಷೆಯಲ್ಲಿ ಉತ್ತರಕ್ಕೆ ಒಂದು ಬಂದರಿತ್ತು, ಯಾರ ಪಕ್ಷಕ್ಕೂ ಸೇರದ ದೇಶದ್ದು. ಅಲ್ಲಿಗೆ ಹೊಕ್ಕ ಹಡಗಿನ ಫಿರಂಗಿಗೆ ಬೀಗ ಹಾಕುತ್ತಾರೆ. ಯುದ್ಧ ಮುಗಿಯುವವರೆಗೆ ಅದು ಹೊರಗೆ ಬರುವಂತಿಲ್ಲ, ಯಾವ ನಾಯಕನ ಆಜ್ಞೆಯೂ ಅದಕ್ಕೆ ತಾಗುವುದಿಲ್ಲ. ಸೋಲಲು ಮನಸ್ಸಿರುವವರ ಜಾಗ ಎಂದು ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಅಕ್ಕ ಹನ್ನೊಂದನ್ನೂ ಒಟ್ಟಿಗೆ ಆರಿಸಿ ಆ ಬಂದರನ್ನು ಒತ್ತಿದಳು.

ಹತ್ತು ಹಡಗು ಚುರುಕಾಗಿದ್ದವು. ಜಗಳಗಂಟಿಯ ಎಂಜಿನ್ನಿಗೆ ಪೆಟ್ಟು ಬಿದ್ದಿತ್ತು. ಗುಂಪಿನಲ್ಲಿ ಹೋದರೆ ಎಲ್ಲವೂ ಅತಿ ನಿಧಾನದ ಹಡಗಿನ ವೇಗಕ್ಕೇ ಹೋಗಬೇಕು.

"ಅದೊಂದನ್ನ ಬಿಟ್ಟುಬಿಡೇ," ಎಂದೆ ನಾನು. "ಹತ್ತಾದ್ರೂ ಉಳಿಯುತ್ತೆ."

"ಬಾಯ್ಮುಚ್ಕೊಂಡು ಕೂತ್ಕೋ," ಎಂದಳು.

ಹಿಂದಿನಿಂದ ಗುಂಡು ಬೀಳುತ್ತಿತ್ತು. ಬಜಾರಿಯ ಹಿಂಭಾಗ ಹಾರಿಹೋಯಿತು, ಆದರೂ ಎಂಜಿನ್ ನಡೆಯಿತು. ಹನ್ನೊಂದೂ ಕುಂಟುತ್ತಾ, ಒಂದನ್ನೊಂದು ಬಿಡದೆ ಬಂದರಿನ ಗೆರೆ ದಾಟಿದವು. ನಾನು ಕುರ್ಚಿಯಿಂದ ಎದ್ದು ಕಿರುಚಿದೆ. ಅದರ ಹಿಂದೆಯೇ ದಿನ ಮುಗಿದು ಅಕ್ಕನ ಪರದೆ ಕಪ್ಪಾಯಿತು. 'ನಿಮ್ಮನ್ನು ತಂಡದಿಂದ ತೆಗೆಯಲಾಗಿದೆ.' ಪಕ್ಕದ ಪರದೆಯಲ್ಲಿ ಅಣ್ಣ ಅವಳ ಹಡಗುಗಳ ಮೇಲೆ ಒತ್ತಿದ, ಮತ್ತೆ ಒತ್ತಿದ. ಒಂದೂ ಕ್ಯಾರೇ ಅನ್ನಲಿಲ್ಲ. ಅವನು ಒತ್ತುತ್ತಿರುವಾಗಲೇ ಮಹಾರಾಜ ಮುಳುಗಿತು.

"ನಾಲ್ಕು ತಿಂಗಳ ಆಟ ಹಾಳ್ಮಾಡಿದೆ," ಎಂದು ಅಣ್ಣ ಕೂಗಾಡಿದ. "ಗೆಲ್ಲೋಕೆ ಬಂದಿದ್ದೋ, ಹಡಗು ಬಚ್ಚಿಡೋಕೆ ಬಂದಿದ್ದೋ? ಸೋತ್ವಲ್ಲ!"

"ನೀನು ಸೋತೆ," ಎಂದಳು ಅಕ್ಕ. "ನನ್ನವರು ದಡ ಸೇರಿದ್ರು." ಮೊಣಕಾಲು ಹಿಡಿದುಕೊಂಡು ಎದ್ದು ಮಹಡಿ ಹತ್ತಿದಳು. ಮೇಲೆ ಹೋಗಿ ಅತ್ತಳಂತೆ, ಆಮೇಲೆ ನನಗೇ ಹೇಳಿದಳು. ಅಳು ಬಂದದ್ದು ಸೋಲಿಗಲ್ಲ. ಇಲ್ಲ ಎನ್ನುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಎಂದೋ ಅನ್ನುತ್ತಿದ್ದೆನಲ್ಲ ಎಂದು ಅತ್ತಳಂತೆ.

ಈಗ ಅವಳು ಭಾನುವಾರ ನಮ್ಮ ಮನೆಗೆ ಬರುತ್ತಾಳೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅವಳದೇ ಹೊಸ ತಂಡ. ಲಾಂಡ್ರಿಯಲ್ಲಿ ಎದುರು ನಿಂತು ಬೆಡ್‌ಶೀಟು ಮಡಚುವವಳು ಸೇರಿದ್ದಾಳೆ, ಹೋಟೆಲಿನ ಪಾತ್ರೆ ತೊಳೆಯುವವಳು ಸೇರಿದ್ದಾಳೆ, ಇನ್ನೂ ಇಬ್ಬರು ಬರುತ್ತೇವೆ ಎಂದಿದ್ದಾರೆ. ಗೆಲ್ಲುತ್ತಾರಾ ಎಂದು ಕೇಳಬೇಡಿ. ಏಳು ಜನ ಆಗುವವರೆಗೆ ಪರೀಕ್ಷೆಯ ಕದನ ಮಾತ್ರ, ಸದ್ಯ ಅದರಲ್ಲೇ ಎಲ್ಲರೂ ಕೂಡಿ ಜೋರಾಗಿ ಸೋಲುತ್ತಿದ್ದಾರೆ.

ಹೋದ ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅಣ್ಣ. ಅಕ್ಕ ಒಳಗೆ ಕೂತಿದ್ದು ಅವನಿಗೆ ಗೊತ್ತಿರಲಿಲ್ಲ. ಬೆಣ್ಣೆಯಂಥ ಮಾತಿನಲ್ಲಿ ಶುರುಮಾಡಿದ.

"ಹೊಸ ಯುದ್ಧ ಶುರುವಾಗ್ತಿದೆ ಕಣೇ. ಒಂದು ಜಾಗ ಖಾಲಿ ಇದೆ, ನೀನು ಬಾ. ಕಷ್ಟ ಏನಿಲ್ಲ, ನಾನು ಹೇಳಿದ್ದನ್ನ ಕಟ್ಟಿದ್ರೆ ಸಾಕು. ನಿನ್ನ ಮೇಲೆ ನನಗೆ ನಂಬಿಕೆ ಇದೆ. ನೀನೇನು ಅಕ್ಕನ ಥರ ಅಲ್ವಲ್ಲ."

ನಾನು ಬಾಗಿಲಿಗೆ ಅಡ್ಡವಾಗಿ ಕೈ ಇಟ್ಟೆ.

"ಅಲ್ಲ ಅಂತ ಯಾರು ಹೇಳಿದ್ದು ನಿನಗೆ?" ಎಂದೆ.