ಎರಡನೆಯ ಕೂಗು

ಹಾಡಲು ನಿಂತರೆ ನಮ್ಮ ಬ್ಯಾಂಡಿನ ಗಾಯಕನ ಕುತ್ತಿಗೆಯ ನರ ಹೆಬ್ಬೆರಳಿನಷ್ಟು ದಪ್ಪ ಉಬ್ಬುತ್ತಿತ್ತು. ಹೆಣದಂತೆ ಕಾಣಲೆಂದು ಮುಖದಿಂದ ಕುತ್ತಿಗೆಯವರೆಗೂ ಬಳಿದ ಬಿಳಿ ಬಣ್ಣ ಅಲ್ಲಿ ಬಿರುಕು ಬಿಡುತ್ತಿತ್ತು. ಸಾಗರದಲ್ಲಿ ಅವನಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆಮನೆಯಲ್ಲಿ ಹೊಸ ಅಳಿಯನ ಹಾಗೆ ಮೆತ್ತಗೆ 'ಹಲೋ, ಚೆಕ್' ಎನ್ನುವವನು ಬ್ಲ್ಯಾಕ್ ಮೆಟಲ್ ಹಾಡುತ್ತಾನೆ, ಸಾವಿನ ಬಗ್ಗೆ ಗಂಟಲು ಹರಿಯುವಂತೆ ಕಿರುಚುತ್ತಾನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ತೀರ್ಥಹಳ್ಳಿಯ ನಾನು ಗಿಟಾರ್, ಹೊಸನಗರದ ಗೆಳೆಯ ಡ್ರಮ್. ನಮಗೆ ಮೂವರಿಗೂ ಗಾಳಿ ಮೆಟ್ಟಿದೆ ಎಂದು ಊರವರು ತೀರ್ಮಾನಿಸಿಬಿಟ್ಟಿದ್ದರು.

ಅವನದೊಂದು ಹಟ. ಯಾವ ಹಾಡಿನಲ್ಲೂ ಕೂಗು ಜೋಡಿಯಾಗಿಯೇ ಬರಬೇಕು. ಕಾಡಿನಾಚೆಯವರನ್ನು ಕರೆಯುವಾಗ ನಮ್ಮ ಕಡೆ ಎರಡು ಸಲ ಕೂಗುತ್ತಾರೆ. ಒಂದೇ ಕೂಗಿಗೆ ಯಾರೂ ಓಗೊಡುವುದಿಲ್ಲ, ಅದು ಸತ್ತವರ ಕೂಗು ಎಂಬ ನಂಬಿಕೆ.

"ಪ್ರೇತದ ಮೇಲೇ ಹಾಡು ಕಟ್ಟೋನಿಗೆ ಎಂತಾ ಹೆದರಿಕೆನಾ?" ಎಂದು ರೇಗಿಸುತ್ತಿದ್ದೆ.

"ಹಾಡು ಬೇರೆ ಮಾರಾಯ, ಅಮ್ಮ ಹೇಳಿದ್ದು ಬೇರೆ" ಎನ್ನುತ್ತಿದ್ದ.

ಒಂದು ಆಲ್ಬಮ್ ತಂದೆವು. ಆಮೇಲೆ ಮದುವೆ, ಮಕ್ಕಳು, ಸಂಸಾರ. ಬ್ಯಾಂಡ್ ಮೂಲೆ ಸೇರಿತು. ಎಷ್ಟೋ ವರ್ಷಗಳ ನಂತರ ಅವನ ಫೋನ್ ಬಂತು. "ಗಂಟಲಲ್ಲಿ ಗಡ್ಡೆ ಅಂತೆ. ಆಪರೇಶನ್ ಮಾಡಿದ್ರೆ ದನಿ ಹೋಗ್ತದಂತೆ. ಅಷ್ಟ್ರೊಳಗೆ ಎರಡನೇ ಆಲ್ಬಮ್ ಮುಗಿಸ್ಬೇಕು. ಬರ್ತೀಯನಾ?"

ಹೊಸನಗರದ ಹತ್ತಿರ ಮುಚ್ಚಿಹೋದ ಅಕ್ಕಿ ಗಿರಣಿಯೊಂದರಲ್ಲಿ ರೆಕಾರ್ಡಿಂಗ್ ನಡೆಯಿತು. ಕೊನೆಯ ಹಾಡಿಗೆ ಸಾಹಿತ್ಯವಿರಲಿಲ್ಲ, ತುದಿಯಲ್ಲಿ 'ಅಮ್ಮಾ' ಎಂಬ ಕೂಗಷ್ಟೇ. ಕೂಗಿದ. ಅಂಥ ದನಿಯನ್ನು ನಾನು ಅವನಲ್ಲೂ ಕೇಳಿರಲಿಲ್ಲ. ಎರಡನೆಯದಕ್ಕೆ ಬಾಯಿ ತೆರೆದವನು ಕೆಮ್ಮಿದ. ಕರವಸ್ತ್ರದ ತುಂಬ ರಕ್ತ.

"ನಾಳೆ ಕೂಗ್ತೀನಿ, ಬಿಡಾ."

ಮಾರನೆಯ ದಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಮತ್ತೆ ಮನೆಗೆ ಬರಲಿಲ್ಲ.

"ಮೊದಲಿನ ಕೂಗನ್ನೇ ಕಾಪಿ ಮಾಡಿ ಹಾಕಾಣ. ಯಾರಿಗೂ ಗೊತ್ತಾಗಲ್ಲ" ಎಂದ ಡ್ರಮ್ಮಿನವನು. ಹೋದವನ ಗಂಟಲಿಂದ ಬಾರದ್ದನ್ನು ಅವನದೆಂದು ಸೇರಿಸಲು ನನಗೆ ಮನಸ್ಸು ಬರಲಿಲ್ಲ. ಹಾಗೇ ಬಿಟ್ಟೆವು. ನಿಜ ಹೇಳುತ್ತೇನೆ, ಮನೆಯಲ್ಲಿ ಒಬ್ಬನೇ ಇರುವಾಗ ಆ ಹಾಡು ಹಾಕಲು ನನಗೆ ಇವತ್ತಿಗೂ ಭಯ.

ಆಲ್ಬಮ್ ಹೊರಬಂದ ಮೇಲೆ ಅವನ ಅಮ್ಮ ಹೇಳಿಕಳಿಸಿದರು. ಮಗನ ಹಾಡನ್ನು ಅವರು ಎಂದೂ ಕೂತು ಕೇಳಿದವರಲ್ಲ. "ಅವ ಕಡೀಗೆ ಹಾಡಿದ್ದು ಹಾಕಾ" ಎಂದರು. ಮೊಬೈಲಿನಲ್ಲಿ ಹಾಕಿದೆ.

'ಅಮ್ಮಾ' ಎಂದಿತು ದನಿ.

ಅವರ ತುಟಿ ಅಲುಗಿತು. ತಟ್ಟನೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಾದರು. ಹಾಡು ಮುಗಿಯಿತು. ನನಗೆ ಅವರ ಮುಖ ನೋಡಲಾಗಲಿಲ್ಲ.

"ಇನ್ನೊಂದ್ಸಲ ಹಾಕಾ" ಎಂದರು.

ಹಾಕಿದೆ. ಮತ್ತೆ ಅದೇ ದನಿ, 'ಅಮ್ಮಾ'.

"ಓ" ಎಂದರು ಅವರು. "ಇಲ್ಲೇ ಇದೀನಿ ಮಗಾ."