ಕಬ್ಬಿಣದ ಬಾಗಿಲ ಮೇಲಿನ ಅಂಗೈ

ನಮ್ಮ ವಸ್ತಾದರ ಬಲ ಅಂಗೈ ಸದಾ ಕಪ್ಪಗಿರುತ್ತಿತ್ತು, ಎಷ್ಟು ಸಾಬೂನು ತಿಕ್ಕಿದರೂ ಹೋಗದ ಕಪ್ಪು. ನಿಜಾಮರ ಆಡಳಿತ ಹೋಗಿ ಒಂದೆರಡು ವರ್ಷವಾಗಿತ್ತು. ಭಂಕೂರದ ಹತ್ತಿರ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಅವರು ಕರೆಂಟಿನ ಮೇಸ್ತ್ರಿ, ನಾನು ಅವರ ಕೈಕೆಳಗೆ. ಗರಗಸಗಳ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಹೀಗಾಗಿ ಯಾವ ಯಂತ್ರ ನಿಲ್ಲಿಸಿದರೂ ಅದರ ಕರೆಂಟಿನ ಪೆಟ್ಟಿಗೆಯ ಕಬ್ಬಿಣದ ಬಾಗಿಲಿಗೆ ಅಂಗೈ ಹಚ್ಚುತ್ತಿದ್ದರು. ಒಳಗಿನ ಕಾಂಟ್ಯಾಕ್ಟರ್, ಅಂದರೆ ಕರೆಂಟು ಕೂಡಿಸಿ ಬಿಡಿಸುವ ದೊಡ್ಡ ಸ್ವಿಚ್ಚು, ಟಕ್ಕೆಂದು ಬಿಟ್ಟುಕೊಂಡ ಹೊಡೆತ ಕೈಗೆ ತಾಗಬೇಕು, ಆಮೇಲೇ ಬಾಗಿಲು ತೆರೆಯುವುದು.

‘ವಸ್ತಾದರು ಪೆಟ್ಟಿಗಿ ಜ್ವರ ನೋಡ್ಲಿಕತ್ತಾರ’ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಒಮ್ಮೆ ಅವರು ಮದುವೆಗೆಂದು ಸೇಡಂಗೆ ಹೋದಾಗ ಕರೆಂಟು ತುಂಬಿಟ್ಟುಕೊಳ್ಳುವ ಕಂಡೆನ್ಸರ್ ಪೆಟ್ಟಿಗೆಯ ಕಾಂಟ್ಯಾಕ್ಟರ್ ಸುಟ್ಟಿತು. ಅದಕ್ಕೆ ತಕ್ಕ ಗಟ್ಟಿಯದು ಹೈದರಾಬಾದಿನಿಂದ ಬರಬೇಕು, ಮಾಲೀಕರಿಗೆ ಅವಸರ. ಮೋಟಾರಿನದೊಂದು ಕಪಾಟಿನಲ್ಲಿತ್ತು, ಮೇಲೆ ಬರೆದ ಕರೆಂಟಿನ ಅಂಕಿಯೂ ಅದೇ. ‘ಮೋಟಾರಿಂದು ಕಂಡೆನ್ಸರಿಗಿ ಹಚ್ಚಬ್ಯಾಡ’ ಎಂದು ಅವರು ಹತ್ತು ಸಲ ಹೇಳಿದ್ದರೂ ಹಚ್ಚಿಬಿಟ್ಟೆ.

ಮರುದಿನ ಮಧ್ಯಾಹ್ನ ವಸ್ತಾದರು ಬಂದವರೇ ಆ ಪೆಟ್ಟಿಗೆಯ ಒಳಗೆ ಒರೆಸಬೇಕೆಂದರು. ಹೇಳಿದರೆ ಕೆಲಸ ಹೋದೀತು, ಮನೆಯಲ್ಲಿ ಹೆಂಡತಿ ಬಾಣಂತಿ. ಸುಮ್ಮನೆ ನಿಂತೆ. ಅವರು ನಿಲ್ಲಿಸುವ ಗುಂಡಿ ಒತ್ತಿದರು. ಬಾಗಿಲ ಮೇಲಿನ ದೀಪ ಆರಿತು. ಬದುಕಿದೆ ಅಂದುಕೊಂಡೆ. ಆದರೆ ಅವರು ಬಾಗಿಲಿಗೆ ಅಂಗೈ ಹಚ್ಚಿಕೊಂಡೇ ಇದ್ದರು.

“ಹೊಡ್ತ ಬರ್ಲಿಲ್ಲಲ್ಲ ತಮ್ಮಾ. ಇದನ್ನ ಯಾರ ಕುಂದ್ರಿಸ್ಯಾರ?”

“ನಾನೇರಿ ವಸ್ತಾದರ. ಮೋಟಾರಿಂದದ್ರಿ ಅದು.”

ಮೇನ್ ಸ್ವಿಚ್ಚು ತೆಗೆಸಿ, ಕಂಡೆನ್ಸರಿನಲ್ಲಿ ಉಳಿದ ಕರೆಂಟು ಇಳಿಯುವ ತನಕ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಆಮೇಲೆ ಬಾಗಿಲು ತೆರೆದರು. ಕಾಂಟ್ಯಾಕ್ಟರಿನ ತಾಮ್ರದ ತುದಿಗಳು ಕರಗಿ ಒಂದಕ್ಕೊಂದು ಅಂಟಿದ್ದವು. ದೀಪಕ್ಕೆ ಗುಂಡಿ ಒತ್ತಿದ್ದಷ್ಟೇ ಗೊತ್ತು. ಗುಂಡಿ ಒತ್ತಿದ ಮೇಲೂ ಒಳಗೆ ಕರೆಂಟು ಹಾಗೇ ಇತ್ತು. ಅವರು ಕೈ ಹಾಕುವವರಿದ್ದುದು ಅಲ್ಲಿಗೇ.

“ಮೋಟಾರ ಎತ್ತಿನಂಗ ಜಗ್ಗತದ. ಕಂಡೆನ್ಸರ್ ಹಂಗಲ್ಲ, ಒಮ್ಮಿಗೇ ಹಾರಿ ಕಚ್ಚತದ. ಅಂಕಿ ನೋಡಬ್ಯಾಡ, ಯಾವ ಕೆಲಸಕ್ಕಂತ ನೋಡು,” ಎಂದರು. ಬೀಡಿ ಹಚ್ಚಿಕೊಂಡರು. “ತಪ್ಪ ಮಾಡಿದ್ದಕ್ಕ ಸಿಟ್ಟಿಲ್ಲಪಾ. ನೀ ಸುಮ್ಮ ನಿಂತಿದ್ದಿ ನೋಡು, ಅದಕ್ಕ ಭಾಳ ಅಂಜಿಕಿ ಬಂತು.”

ಮಾಲೀಕರಿಗೆ ಅವರು ಏನೂ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ವಸ್ತಾದರು ಜ್ವರದಿಂದ ತೀರಿಕೊಂಡರು. ಮನೆ ತುಂಬ ಜನ. ನಾನು ಅವರ ಎದೆಯ ಮೇಲೆ ಅಂಗೈ ಹಚ್ಚಿ ಬಹಳ ಹೊತ್ತು ಕೂತಿದ್ದೆ. ಅಂದು ಅವರು ಬಾಗಿಲಿಗೆ ಕೈ ಹಚ್ಚದಿದ್ದರೆ ಈ ದಿನ ಎಂದೋ ಬಂದುಹೋಗಿರುತ್ತಿತ್ತು. ಆಗಲೂ ನಾನು ಹೀಗೇ ಪಕ್ಕದಲ್ಲಿ, ತಪ್ಪು ನನ್ನದೆಂದು ಯಾರಿಗೂ ಹೇಳದೆ, ಕೂತಿರುತ್ತಿದ್ದೆ.