ಬೂಷ್ಟು ಮೇಯಲು ಬಂದ ವಿದೇಶಿ ಹುಳ

ರಾಜ್ಯಗಳು ಹೊರಗಿನ ಶತ್ರುವಿನಿಂದಲ್ಲ, ಒಳಗಿನ ದೌರ್ಬಲ್ಯದಿಂದ ಬೀಳುತ್ತವೆ ಎಂದು ತಿಳಿದವರು ಹೇಳುತ್ತಾರೆ. ರಾಜ್ಯಗಳ ಸಮಾಚಾರ ನನಗೆ ಗೊತ್ತಿಲ್ಲ. ನನ್ನ ಅಧಿಕಾರ ಗೋದಾಮುಗಳ ಬಾಗಿಲಿಗೇ ಮುಗಿಯುತ್ತಿತ್ತು.

೧೯೭೬ರಲ್ಲಿ ನಾನು ಬಳ್ಳಾರಿಯಲ್ಲಿ ಧಾನ್ಯ ಪರಿವೀಕ್ಷಕ. ಪಾರ್ವತಿನಗರದಲ್ಲಿ ಬಾಡಿಗೆ ಮನೆ, ಜೇಬಿನಲ್ಲಿ ಒಂದು ಭೂತಗನ್ನಡಿ. ಬೇಸಿಗೆಯ ಕೊನೆಗೆ ಕುರುಗೋಡಿನ ಗೋದಾಮಿನಿಂದ ದೂರು ಬಂತು: ಅಲ್ಲಿಟ್ಟಿದ್ದ ಬಾದನಹಟ್ಟಿ ರೈತರ ಬಿತ್ತನೆ ಭತ್ತಕ್ಕೆ ಹುಳ ಬಿದ್ದಿದೆ. ಎರಡು ಸಲ ಫ್ಯುಮಿಗೇಶನ್, ಅಂದರೆ ಮೂಟೆಗಳಿಗೆ ಟಾರ್ಪಾಲು ಹೊದಿಸಿ ವಿಷಾನಿಲ ಬಿಡುವ ಕೆಲಸ, ಮುಗಿದಿತ್ತು. ಮೂರನೆಯದಕ್ಕೆ ನನ್ನ ರುಜು ಬೇಕಿತ್ತು. ಬೀಜ ಪದೇ ಪದೇ ವಿಷಾನಿಲ ಕುಡಿದರೆ ಮೊಳೆಯುವುದನ್ನೇ ಮರೆತೀತು. ಕಾಲುವೆಗೆ ನೀರು ಬಿಡುವ ಹೊತ್ತು ಹತ್ತಿರವಾಗಿತ್ತು; ರೈತರ ಬಳಿ ಬೇರೆ ಬೀಜವಿರಲಿಲ್ಲ.

"ಹೊಗಿ ಹಾಕಿದ್ರ ಸಾಯ್ತಾವ್ರಿ ಸಾಹೇಬ್ರ. ತಿಂಗಳೊಪ್ಪತ್ತಿಗೆ ಮತ್ತ ಬೀಗರಂಗ ಬಂದು ಕುಂದರ್ತಾವ," ಎಂದರು, ನಾನು ಅಲ್ಲಿಗೆ ಹೋದಾಗ, ಗೋದಾಮಿನ ಉಸ್ತುವಾರಿ ಈರಭದ್ರಪ್ಪ.

ರೈತರ ಪರವಾಗಿ ಬಂದಿದ್ದ ಗಾದಿಲಿಂಗಪ್ಪ ಬಿಡಲಿಲ್ಲ. "ಬೀಗರಾದ್ರ ಉಂಡು ಹೋಗ್ತಾರಲೇ. ಬೀಜ ಸತ್ರ ಮಡ್ಯಾಗ ನಿನ್ನ ಮೀಸಿ ಬಿತ್ತಬೇಕೇನು?"

ಭೂತಗನ್ನಡಿಯಲ್ಲಿ ನೋಡಿದೆ. ಎಳ್ಳಿಗಿಂತ ಚಿಕ್ಕ ಕಂದು ಹುಳ. ಕತ್ತಿನ ಮುಂದಿನ ಎರಡು ಮೂಲೆಗಳಲ್ಲೂ ಒಂದೊಂದು ಗುಬುಟು. ಫಾರಿನ್ ಗ್ರೇನ್ ಬೀಟಲ್! ಹಡಗಿನ ಮೂಟೆಗಳ ಜೊತೆ ಟಿಕೆಟಿಲ್ಲದೆ ಲೋಕ ಸುತ್ತಿದ ಮಹನೀಯ. ಆದರೆ ಭತ್ತದ ಕಾಳಿಗೆ ಒಂದೇ ಒಂದು ತೂತಿಲ್ಲ. ಈ ಹುಳದ ಮುಖ್ಯ ಆಹಾರ ಧಾನ್ಯವಲ್ಲ, ಧಾನ್ಯದ ಮೇಲೆ ಬೆಳೆಯುವ ಬೂಷ್ಟು. ಬೂಷ್ಟಿನ ವಾಸನೆ ಹಿಡಿದು ಹಾರಿ ಬರುತ್ತದೆ, ಅದರಲ್ಲೇ ಮೊಟ್ಟೆಯಿಡುತ್ತದೆ. ಮರಿಗಳಿಗೂ ಅದೇ ಊಟ. ಒಣ ಕಾಳಿನಲ್ಲಿ ಅದರ ವಂಶ ಬೆಳೆಯದು. ಅಂದರೆ ಎಲ್ಲೋ ನೀರಿದೆ.

ಚಾವಣಿ ನೋಡಿದೆ, ಗೋಡೆ ತಟ್ಟಿದೆ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ನೀರು ಹುಡುಕುವ ಅಧಿಕಾರಿಯನ್ನು ಹಮಾಲರು ಕನಿಕರದಿಂದ ನೋಡಿದರು.

"ಇವತ್ತು ಅಮಾಸಿ ಐತ್ರಿ. ತಿಂಗಳ ತಿಂಗಳ ಮಾಡೋ ಪೂಜಿ ಮುಗಿಸಿ ಹುಡುಕೋಣಂತ," ಎಂದು ಈರಭದ್ರಪ್ಪ ಎರಡು ಕೊಡ ನೀರನ್ನು ಹೊಸ್ತಿಲಿಗೆ ಸುರುವಿ, ಭಕ್ತಿಯಿಂದ ಒಳಕ್ಕೆ ಗುಡಿಸಿದರು.

"ಒಳಗ್ಯಾಕ್ರಿ?" ಎಂದೆ.

"ಪೂಜಿ ನೀರು ಹೊರಗ ದಬ್ಬಿದ್ರ ಲಕ್ಷ್ಮಿ ಹೋಗ್ತಾಳಲ್ರಿ!"

ನೀರು ಸೀದಾ ಮೂಟೆಗಳ ಅಡಿ ಹಾಸಿದ್ದ ಭತ್ತದ ಹೊಟ್ಟಿಗೆ ಇಳಿಯಿತು. ಹೊಟ್ಟು ಕೆದಕಿದೆ: ಹಸಿರು ಬೂಷ್ಟು, ಅದರ ತುಂಬ ಹುಳ.

"ಲಕ್ಷ್ಮಿನ್ನ ಹಿಡದಿಟ್ಟಿ, ಬರೋಬ್ಬರಿ. ಆಕಿ ಬಳಗಕ್ಕೂ ಊಟ ಹಾಕಿಯಲ್ಲೋ ಮಾರಾಯ!" ಎಂದ ಗಾದಿಲಿಂಗಪ್ಪ. ಈರಭದ್ರಪ್ಪನವರ ಕೈಯಲ್ಲಿ ಪೊರಕೆ ಹಾಗೇ ನಿಂತಿತು.

ನಾನು ರುಜು ಹಾಕಲಿಲ್ಲ. ಹೊಟ್ಟನ್ನು ಹೊರಗೆ ಸುಟ್ಟೆವು. ಬೂಷ್ಟು ಹಿಡಿದ ಅಡಿಯ ಮೂಟೆಗಳನ್ನು ಬೀಜದಿಂದ ಬೇರ್ಪಡಿಸಿ, ಉಳಿದದ್ದನ್ನು ನೆರಳಲ್ಲಿ ಆರಹಾಕಿ, ಹಲಗೆಯ ಮೇಲೆ ಜೋಡಿಸಿದೆವು. ಲಕ್ಷ್ಮಿಗೆ ಹೊಸ್ತಿಲಲ್ಲಿ ಅರಿಶಿನ-ಕುಂಕುಮ ಸಾಕು ಎಂದು ಈರಭದ್ರಪ್ಪನವರೇ, ಸ್ವಲ್ಪ ಮುನಿಸಿನಿಂದ, ಒಪ್ಪಿಕೊಂಡರು.

ಹುಳ ಕಂಡಾಗ ಕೊಲ್ಲುವ ಮೊದಲು ಅದರ ಊಟ ಯಾವುದೆಂದು ವಿಚಾರಿಸಬೇಕು. ಮುಂದಿನ ನೌಕರಿಯೆಲ್ಲ ನಾನು ಇದೊಂದೇ ಪಾಠದ ಮೇಲೆ ನಡೆಸಿದೆ.

ಬಾದನಹಟ್ಟಿಯವರು ಆ ಬೀಜವನ್ನೇ ಸಸಿಮಡಿಗೆ ಚೆಲ್ಲಿದರು. ಮೊಳೆಯಿತು.